ಪೇಪರು ಬಿಟ್ಟ ಬಾತ್ಮೀದಾರನಿಗೆ ಕೆಲಸ ಎಲ್ಲುಂಟು?

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಾಗಲಿ, ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಹಳೆಯ ವರದಿಗಾರನೊಬ್ಬ ಎದುರಾದರೆ ಸಾಕು, ಪರಿಚಯದ ಅಂಗಡಿಯವರು ಕೇಳುವ ಪ್ರಶ್ನೆ ಒಂದೇ.

‘ಏನ್ರೀ ಸರ, ಈಗ ಯಾವ ಪೇಪರ್‌ನ್ಯಾಗ ಅದೀರಿ?’

‘ಯಾವುದರಾಗೂ ಇಲ್ರೀ. ಫ್ರೀಲಾನ್ಸ್ ಮಾಡ್ತೀನಿ.’

‘ಅಂದ್ರ... ಖಾಲಿ ಅದೀರಿ ಅನ್ರಿ!’

ಕೇಳಿದವರದು ಕುಹಕವಲ್ಲ. ಪತ್ರಕರ್ತ ಅಂದರೆ ಯಾವುದೋ ಒಂದು ಪೇಪರಿಗೆ ಸೇರಿದವನು, ಪೇಪರಿನ ಹೆಸರಿಲ್ಲದ ಪತ್ರಕರ್ತ ಬೋರ್ಡಿಲ್ಲದ ಅಂಗಡಿ ಇದ್ದಂತೆ ಎಂಬುದು ಊರಿನ ತಿಳುವಳಿಕೆ. ಆದರೆ ಈ ಬೋರ್ಡಿಲ್ಲದ ಅಂಗಡಿಗಳು ಈಗ ಪ್ರತಿ ಜಿಲ್ಲೆಯಲ್ಲೂ ಹೆಚ್ಚಾಗಿವೆ. 2020ರ ಲಾಕ್‌ಡೌನಿನಲ್ಲಿ ಪೇಪರುಗಳ ಜಾಹೀರಾತು ಒಣಗಿತು. ಪುಟ ಕಡಿಮೆಯಾದವು, ಪುರವಣಿಗಳು ನಿಂತವು, ಕಾಂಟ್ರಾಕ್ಟ್ ಮುಗಿದವರನ್ನು ಮತ್ತೆ ಕರೆಯಲಿಲ್ಲ. ಜಿಲ್ಲೆಯಲ್ಲಿ ಕೂತು ಮಾಡುತ್ತಿದ್ದ ಪುಟವನ್ನು ಬೆಂಗಳೂರಿನಲ್ಲಿ ಕೂತೇ ಮಾಡಬಹುದು ಎಂದು ಮಾಲೀಕರಿಗೆ ಗೊತ್ತಾಗಿಹೋಯಿತು. ಇಪ್ಪತ್ತೈದು-ಮೂವತ್ತು ವರ್ಷ ದುಡಿದವರು, ಇನ್ನೂ ರಿಟೈರಾಗುವ ವಯಸ್ಸಲ್ಲ, ಮಗಳ ಮದುವೆ ಬಾಕಿ, ಮನೆಯ ಸಾಲ ಬಾಕಿ, ಕೈಯಲ್ಲಿ ಪೆನ್ನು ಮಾತ್ರ ಇದೆ.

ಇವರಿಗೆ ಬರೆಯಲು ಬರುತ್ತದೆ. ಬರೆದದ್ದನ್ನು ಮಾರಲು ಬರುವುದಿಲ್ಲ. ತೊಂದರೆಯೆಲ್ಲ ಇಲ್ಲಿಯೇ ಇರುವುದು.

ಈಟಿಯಾಳು ಮತ್ತು ದಾರದ ಲೆಕ್ಕ

ಫ್ರೀಲಾನ್ಸ್ ಎಂಬ ಮಾತು ಹುಟ್ಟಿದ್ದೇ ಯುದ್ಧದ ಕಥೆಯಲ್ಲಿ. ‘ಲಾನ್ಸ್’ ಅಂದರೆ ಈಟಿ. 1819ರ ‘ಐವನ್‌ಹೋ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ವಾಲ್ಟರ್ ಸ್ಕಾಟ್ ಎಂಬಾತ, ಯಾವ ದೊರೆಗೂ ಕಟ್ಟುಬೀಳದೆ ಹಣ ಕೊಟ್ಟವರ ಕಡೆ ಹೋರಾಡುವ ಈಟಿಯಾಳುಗಳಿಗೆ ಈ ಹೆಸರು ಬಳಸಿದ. ಅಲ್ಲಿಂದ ಅದು ಪೆನ್ನು ಹಿಡಿದವರ ಕೊರಳಿಗೆ ಬಿತ್ತು. ಈಟಿಯಾಳಾದರೂ ಯುದ್ಧಕ್ಕೆ ಹೊರಡುವ ಮೊದಲೇ ಕೂಲಿ ಮಾತಾಡಿಕೊಳ್ಳುತ್ತಿದ್ದ. ಕನ್ನಡದ ಬಿಡಿಬರಹಗಾರ ಯುದ್ಧ ಮುಗಿದ ಆರು ತಿಂಗಳ ಮೇಲೆ, ಅದೂ ಸಂಕೋಚಪಡುತ್ತ, ‘ಏನಾದ್ರೂ ಕೊಡ್ತೀರಾ ಸಾರ್’ ಅನ್ನುತ್ತಾನೆ.

ಇನ್ನೊಂದು ಮಾತು ‘ಸ್ಟ್ರಿಂಗರ್’. ಬಿಡಿ ಸುದ್ದಿಗಾರ ಬರೆದ ಕಾಲಮ್ಮುಗಳನ್ನು ದಾರ ಹಿಡಿದು ಅಳೆದು ಅಷ್ಟುದ್ದಕ್ಕೆ ಹಣ ಕೊಡುತ್ತಿದ್ದರು, ದಾರದಿಂದ ಈ ಹೆಸರು ಬಂತು ಎಂದು ಹೇಳುವುದುಂಟು. ನಿಜವೋ ಕಟ್ಟುಕಥೆಯೋ, ಉತ್ತರ ಕರ್ನಾಟಕದ ಹಳೆಯ ಬಾತ್ಮೀದಾರರಿಗೆ ಈ ಲೆಕ್ಕ ಹೊಸದಲ್ಲ. ಸಾಯಂಕಾಲದ ಬಸ್ಸಿನ ಡ್ರೈವರನ ಕೈಗೆ ‘ಪ್ರೆಸ್ ಕವರ್’ ಕೊಟ್ಟು, ಹುಬ್ಬಳ್ಳಿಯಲ್ಲಿ ಆಫೀಸಿನ ಹುಡುಗ ಬಂದು ಇಸಿದುಕೊಂಡನೋ ಇಲ್ಲವೋ ಎಂದು ರಾತ್ರಿಯೆಲ್ಲ ಚಡಪಡಿಸಿದವರು ಅವರು. ಅವಸರದ ಸುದ್ದಿಗೆ ತಂತಿ ಆಫೀಸು. ಆ ತಂತಿ ಸೇವೆಯೂ 2013ರ ಜುಲೈಯಲ್ಲಿ ಮುಚ್ಚಿತು. ಈಗ ಸುದ್ದಿ ಮೊಬೈಲಿನಲ್ಲಿ ಕ್ಷಣದಲ್ಲಿ ಹೋಗುತ್ತದೆ. ಅದರ ದುಡ್ಡು ಮಾತ್ರ ಇನ್ನೂ ಎತ್ತಿನ ಗಾಡಿಯಲ್ಲೇ ಬರುತ್ತಿದೆ.

ರಸೀದಿ ಪುಸ್ತಕ ಹಿಡಿದ ಪತ್ರಕರ್ತ

ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುವ ವಿಷಯವೊಂದಿದೆ. ದೀಪಾವಳಿ ಹತ್ತಿರ ಬಂದಾಗ, ಪೇಪರಿನ ವಾರ್ಷಿಕೋತ್ಸವ ಬಂದಾಗ, ಮಂತ್ರಿಗಳ ಹುಟ್ಟುಹಬ್ಬ ಬಂದಾಗ ಜಾಹೀರಾತು ಕೇಳಿಕೊಂಡು ಬರುವವನು ಯಾರು? ಜಾಹೀರಾತು ವಿಭಾಗದವನಲ್ಲ. ನಿನ್ನೆ ನಗರಸಭೆಯ ಸುದ್ದಿ ಬರೆದವನೇ!

ಇದು ಅವನ ದುರಾಸೆಯ ಕೆಲಸವೆಂದು ಭಾವಿಸಬಾರದು. ಎಷ್ಟೋ ಪೇಪರುಗಳಲ್ಲಿ ತಾಲೂಕಿನ ಬಿಡಿ ವರದಿಗಾರನಿಗೆ ಸುದ್ದಿಯಿಂದ ಸಿಗುವುದು ಬಸ್ ಚಾರ್ಜಿಗೆ ಸಾಲದು. ಹೊಟ್ಟೆ ತುಂಬುವುದು ಜಾಹೀರಾತಿನ ಕಮಿಷನ್ನಿನಿಂದ. ‘ಟಾರ್ಗೆಟ್’ ಅನ್ನುತ್ತಾರೆ ಅದಕ್ಕೆ. ಟಾರ್ಗೆಟ್ ಮುಟ್ಟದಿದ್ದರೆ ಕೆಲಸವೂ ಇಲ್ಲ, ಪ್ರೆಸ್ ಕಾರ್ಡೂ ಇಲ್ಲ. ಹೀಗಾಗಿ ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದು ಕೈಯಲ್ಲಿ ರಸೀದಿ ಪುಸ್ತಕ. ಕಿರಾಣಿ ವ್ಯಾಪಾರಿ ಎರಡು ಸಾವಿರದ ಶುಭಾಶಯ ಜಾಹೀರಾತು ಕೊಟ್ಟದ್ದು ಪ್ರೀತಿಯಿಂದಲೋ, ತನ್ನ ಅಂಗಡಿ ಮುಂದಿನ ಕಟ್ಟೆಯ ಮೇಲೆ ನಾಳೆ ಸುದ್ದಿ ಬಂದೀತೆಂಬ ಭಯದಿಂದಲೋ? ಕೊಟ್ಟವನಿಗೆ ಗೊತ್ತು. ಇಸಿದುಕೊಂಡವನಿಗೂ ಗೊತ್ತು.

2010ರಲ್ಲಿ ಭಾರತೀಯ ಪ್ರೆಸ್ ಕೌನ್ಸಿಲ್ಲಿನ ಇಬ್ಬರು ಸದಸ್ಯರ ಉಪಸಮಿತಿ ‘ಕಾಸಿಗೆ ಸುದ್ದಿ’ ಎಂಬ ಪಿಡುಗಿನ ಬಗ್ಗೆ ದೊಡ್ಡ ವರದಿ ಕೊಟ್ಟಿತ್ತು. ಪತ್ರಕರ್ತರನ್ನು ಗುತ್ತಿಗೆಯ ಮೇಲೆ ಇಟ್ಟು ಅವರ ನೌಕರಿಯ ಭದ್ರತೆ ಕಳೆದದ್ದೂ ಈ ರೋಗ ಹಬ್ಬಲು ದಾರಿ ಮಾಡಿತು ಎಂಬ ಮಾತು ಅದರಲ್ಲಿತ್ತು. ವರದಿ ಬಂತು, ಚರ್ಚೆಯಾಯಿತು. ಟಾರ್ಗೆಟ್ ಮಾತ್ರ ಹಾಗೇ ಇದೆ.

ನೌಕರಿ ಕಳಕೊಂಡ ಹಿರಿಯ ವರದಿಗಾರನಿಗೆ ಊರಿನಲ್ಲಿ ಸಲೀಸಾಗಿ ಸಿಗುವ ಮೊದಲ ಕೆಲಸವೂ ಇದೇ. ‘ನಿಮಗೆ ಊರೆಲ್ಲ ಪರಿಚಯ ಅದ, ಜಾಹೀರಾತು ತರ್ರಿ, ನೂರಕ್ಕೆ ಇಷ್ಟು ನಿಮಗ’ ಅನ್ನುತ್ತಾರೆ. ಕೇಳಲು ಸುಲಭ. ಆದರೆ ಆ ಪರಿಚಯ ಇದೆಯಲ್ಲ, ಅದು ಅವನ ಮೂವತ್ತು ವರ್ಷದ ಗಂಟು. ಮಾರ್ಕೆಟ್ಟಿನ ಹಮಾಲ, ತಹಶೀಲ್ದಾರ ಕಚೇರಿಯ ಗುಮಾಸ್ತ, ಕೋರ್ಟಿನ ಬೆಂಚ್ ಕ್ಲರ್ಕು, ಆಸ್ಪತ್ರೆಯ ನರ್ಸಮ್ಮ ಇವರೆಲ್ಲ ಅವನ ಹತ್ತಿರ ನಿಜ ಹೇಳುವುದು ಅವನು ಏನೂ ಕೇಳಲು ಬಂದವನಲ್ಲ ಎಂಬ ನಂಬಿಕೆಯಿಂದ. ಒಂದು ದೀಪಾವಳಿಯಲ್ಲಿ ಅದನ್ನು ಮಾರಿಕೊಂಡರೆ ಮುಂದಿನ ವರ್ಷ ಬರೆಯಲು ಸರಕೇ ಉಳಿಯುವುದಿಲ್ಲ. ಬಡ್ಡಿಯ ಆಸೆಗೆ ಅಸಲು ತಿಂದಂತೆ. ಇದನ್ನು ವ್ಯಾಪಾರಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮಾರುವ ಸರಕು ಯಾವುದು?

ಹಾಗಾದರೆ ಮಾರುವುದೇನನ್ನು? ಹಿರಿಯರು ಸಾಮಾನ್ಯವಾಗಿ ತಪ್ಪುವುದು ಈ ಲೆಕ್ಕದಲ್ಲಿ. ‘ಮೂವತ್ತು ವರ್ಷದ ಅನುಭವ ಇದೆ, ಯಾವ ವಿಷಯ ಕೊಟ್ಟರೂ ಬರೆಯುತ್ತೇನೆ’ ಎಂದು ಸಂಪಾದಕರಿಗೆ ಪತ್ರ ಹಾಕುತ್ತಾರೆ. ಯಾವ ವಿಷಯವಾದರೂ ಬರೆಯುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಈಗಂತೂ ಕಂಪ್ಯೂಟರೇ ಬರೆದುಕೊಡುತ್ತದೆ. ಬೆಂಗಳೂರಿನಲ್ಲಿ ಸಿಗದೇ ಇರುವುದು ಹುಬ್ಬಳ್ಳಿಯ ಒಳಗಿನ ಸುದ್ದಿ.

ಒಂದು ಉದಾಹರಣೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಆಗಸ್ಟ್ 15 ಹತ್ತಿರ ಬಂತೆಂದರೆ ಹೊರಗಿನ ಪೇಪರಿನವರು, ಟೀವಿಯವರು ದಂಡು ಕಟ್ಟಿಕೊಂಡು ಬಂದು ಹೆಣ್ಣುಮಕ್ಕಳು ಧ್ವಜ ಹೊಲಿಯುವ ಫೋಟೋ ತೆಗೆದುಕೊಂಡು ಹೋಗುತ್ತಾರೆ. ವರ್ಷವೂ ಅದೇ ಫೋಟೋ, ಅದೇ ಬರಹ. ಊರಿನಲ್ಲಿರುವ ಬರಹಗಾರ ಕೇಳಬೇಕಾದ್ದು ಬೇರೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಮಷೀನಿನ ಬಟ್ಟೆಗೂ ಒಪ್ಪಿಗೆ ಕೊಟ್ಟರಲ್ಲ, ಅದಾದ ಮೇಲೆ ಫೆಬ್ರವರಿಯಲ್ಲಿ, ಮಾರ್ಚಿನಲ್ಲಿ ಆ ಮಷೀನುಗಳು ಓಡುತ್ತವೆಯೇ? ಬಾಗಲಕೋಟೆ ಕಡೆ ತುಳಸಿಗೇರಿಯಲ್ಲಿ ಧ್ವಜದ ಬಟ್ಟೆಗೆ ನೂಲು ತೆಗೆಯುವವರ ಮನೆಯಲ್ಲಿ ಏನು ನಡೆದಿದೆ? ಆಗಸ್ಟಿನಲ್ಲಿ ಬಂದುಹೋಗುವವನಿಗೆ ಇದು ಸಿಕ್ಕುವುದಿಲ್ಲ. ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವವನಿಗೆ ಸಿಕ್ಕುತ್ತದೆ.

ಧಾರವಾಡದ ಹೈಕೋರ್ಟ್ ಪೀಠ ಇನ್ನೊಂದು ಗಣಿ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಅಲ್ಲಿ ಬರುವ ಭೂಮಿಯ ತಕರಾರು, ಜಮೀನಿನ ಪರಿಹಾರ, ನೌಕರರ ಬಡ್ತಿ, ಇವೆಲ್ಲ ಹಳ್ಳಿಹಳ್ಳಿಯ ಕಥೆಗಳು. ತೀರ್ಪು ಇಂಗ್ಲಿಷಿನಲ್ಲಿ, ಓದುಗ ಕನ್ನಡದಲ್ಲಿ. ಎರಡನ್ನೂ ಬಲ್ಲ, ಕಾಯ್ದೆಯ ಪರಿಭಾಷೆಗೆ ಹೆದರದ ಹಿರಿಯನಿಗೆ ಇಲ್ಲಿ ವರ್ಷಗಟ್ಟಲೆ ತೀರದ ಕೆಲಸವಿದೆ. ಮಹದಾಯಿಯ ವಿಷಯವೂ ಹಾಗೇ. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರ ನಂತರದ ಪ್ರತಿ ಸುದ್ದಿಯೂ ತುಂಡುತುಂಡು. 1980ರಲ್ಲಿ ನರಗುಂದ-ನವಲಗುಂದದಲ್ಲಿ ನಡೆದ ರೈತ ಬಂಡಾಯದಿಂದ ಹಿಡಿದು ಇವತ್ತಿನವರೆಗೆ ಒಂದೇ ಎಳೆಯಲ್ಲಿ ಪೋಣಿಸಿ ಹೇಳಬಲ್ಲವರು ಎಷ್ಟು ಜನ? ಅವರ ಹೆಚ್ಚುಗಾರಿಕೆ ಇರುವುದು ಇಂಥಲ್ಲಿ.

ಮನೆಯ ಅಟ್ಟದ ಮೇಲಿನ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಯವನಿಗೆ ಹಾಕುವ ಮೊದಲು ಒಮ್ಮೆ ಧೂಳು ಕೊಡವಿ ನೋಡಬೇಕು. ಯಾವ ವಿಷಯದಲ್ಲಿ ತನ್ನಷ್ಟು ಬಲ್ಲವರು ಜಿಲ್ಲೆಯಲ್ಲಿ ಮತ್ತೊಬ್ಬರಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ. ಅಂಥ ಎರಡು-ಮೂರು ವಿಷಯ ಸಿಕ್ಕರೆ ಸಾಕು. ಎಲ್ಲ ಸಾಮಾನಿಡುವ ಅಂಗಡಿಗಿಂತ ಒಂದೇ ಸಾಮಾನು ಚೆನ್ನಾಗಿಡುವ ಅಂಗಡಿಗೆ ದೂರದಿಂದ ಗಿರಾಕಿ ಬರುತ್ತಾನೆ.

ಕೇಳಲು ನಾಚಿಕೆ ಯಾಕೆ?

ಹಿರಿಯರ ಇನ್ನೊಂದು ಕಷ್ಟ ಬಿಗುಮಾನ. ತನ್ನ ಕೈಕೆಳಗೆ ಟ್ರೈನಿಯಾಗಿ ಬಂದ ಹುಡುಗ ಇವತ್ತು ಪುರವಣಿಯ ಸಂಪಾದಕ. ‘ನಾನೇ ತಿದ್ದಿ ಬೆಳೆಸಿದ ಹುಡುಗ, ಅವನ ಹತ್ತಿರ ಹೋಗಿ ಕೆಲಸ ಕೇಳ್ಲಾ?’ ಎಂದು ಮನೆಯಲ್ಲೇ ಕೂತುಬಿಡುತ್ತಾರೆ. ಆ ಹುಡುಗನೋ, ‘ಸರ್‌ಗೆ ಕೆಲಸ ಬೇಕಾಗಿದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?’ ಅನ್ನುತ್ತಾನೆ. ಇಬ್ಬರೂ ಸರಿ. ಕೆಲಸ ಮಾತ್ರ ಮೂರನೆಯವನ ಪಾಲು.

ಹಾವೇರಿ ಸೀಮೆಯ ಗಳಗನಾಥರು (1869–1942) ದೊಡ್ಡ ಕಾದಂಬರಿಕಾರರು, ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರು. ಅಂಥವರು ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರಿಗಿಲ್ಲದ ನಾಚಿಕೆ ಉಳಿದವರಿಗೇಕೆ?

ಆದರೆ ಕೇಳುವುದಕ್ಕೂ ಒಂದು ರೀತಿಯಿದೆ. ‘ಏನಾದರೂ ಕೆಲಸ ಇದ್ದರೆ ಹೇಳಿ’ ಎಂದರೆ ಸಂಪಾದಕ ‘ಆಗಲಿ ಸಾರ್, ಹೇಳ್ತೀನಿ’ ಎಂದು ಮರೆತುಬಿಡುತ್ತಾನೆ. ಅವನ ತಲೆಯ ಮೇಲೆ ನೂರು ಗಂಟು. ಅದರ ಬದಲು ಅರ್ಧ ಪುಟದ ಪತ್ರ ಹೋಗಬೇಕು. ವಿಷಯ ಏನು, ಈಗಲೇ ಯಾಕೆ ಬರಬೇಕು, ಯಾರು ಯಾರನ್ನು ಮಾತಾಡಿಸಿ ಆಗಿದೆ, ಎಷ್ಟು ಶಬ್ದ, ಫೋಟೋ ಉಂಟೋ ಇಲ್ಲವೋ, ಯಾವ ತಾರೀಕಿಗೆ ಕೈಗೆ ಬರುತ್ತದೆ. ಇಷ್ಟು ಸಾಕು. ಪೂರ್ತಿ ಲೇಖನ ಬರೆದು ಕಳಿಸಿ ಕಾಯುವುದು ದಂಡ. ಒಪ್ಪದಿದ್ದರೆ ಎಂಟು ದಿನದ ದುಡಿಮೆ ನೀರಿಗೆ. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪು ಮಾಡಬೇಕು. ಆಮೇಲೂ ಬಾರದಿದ್ದರೆ ತಿಳಿಸಿಬಿಟ್ಟು ಬೇರೆ ಕಡೆ ಕಳಿಸಬೇಕು. ಒಂದೇ ಲೇಖನವನ್ನು ಐದು ಪೇಪರಿಗೆ ಒಟ್ಟಿಗೆ ಹಾಕಿ, ಎರಡರಲ್ಲಿ ಒಂದೇ ಭಾನುವಾರ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ. ಹೀಗೆ ಮುಚ್ಚಿದ ಬಾಗಿಲುಗಳ ಮುಂದೆ ನಿಂತ ಹಿರಿಯರು ಕಡಿಮೆಯಿಲ್ಲ.

ಹುಡುಗರಿಂದ ಕಲಿಯಬೇಕಾದ್ದೂ ಉಂಟು. ನುಡಿ-ಯೂನಿಕೋಡ್ ಗೊಂದಲ ಮಾಡದೆ ಟೈಪು ಮಾಡಿ ಕಳಿಸುವುದು, ಮೊಬೈಲಿನಲ್ಲಿ ಅಡ್ಡ ಹಿಡಿದು ಒಂದು ಶುದ್ಧ ಫೋಟೋ ತೆಗೆಯುವುದು. ಕೈಬರಹದ ಹಾಳೆ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರೆ ಎಷ್ಟೇ ದೊಡ್ಡ ಹೆಸರಿದ್ದರೂ ಡೆಸ್ಕಿನವನು ಗೊಣಗುತ್ತಾನೆ.

ಗೌರವಧನದಲ್ಲಿ ಧನ ಎಷ್ಟು?

ಕನ್ನಡದಲ್ಲಿ ಬರೆದವನಿಗೆ ಕೊಡುವ ಹಣಕ್ಕೆ ‘ಗೌರವಧನ’ ಎಂದು ಹೆಸರು. ಪ್ಲಂಬರನಿಗೆ, ಎಲೆಕ್ಟ್ರಿಷಿಯನ್ನಿಗೆ ಯಾರೂ ಗೌರವಧನ ಕೊಡುವುದಿಲ್ಲ. ಕೂಲಿ ಕೊಡುತ್ತಾರೆ, ಸಾಯಂಕಾಲದೊಳಗೆ ಕೊಡುತ್ತಾರೆ. ಗೌರವ ಸೇರಿಕೊಂಡ ಕೂಡಲೇ ಧನ ತಡವಾಗುತ್ತದೆ, ತೆಳ್ಳಗಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಮನೆಖರ್ಚು ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಓಡಾಟ, ಕಾಯುವುದು, ಫೋನು ಮಾಡುವುದು ಎಲ್ಲ ಕಳೆದು ತಿಂಗಳಲ್ಲಿ ಹಣ ಹುಟ್ಟುವ ದಿನ ಹದಿನೈದು ಸಿಕ್ಕರೆ ದೊಡ್ಡದು. ಅಲ್ಲಿಗೆ ದಿನಕ್ಕೆ 2,000 ಬೀಳಬೇಕು. ನಾಲ್ಕು ದಿನ ತಿರುಗಿ ಬರೆದ ಲೇಖನಕ್ಕೆ 1,000 ಕೊಡುತ್ತೇವೆ ಎಂದರೆ ಬರೆದವನು 7,000 ಕೈಯಿಂದ ಹಾಕಿದ ಹಾಗಾಯಿತು. ಗಿರಣಿ ಅಂಗಡಿಯವನಿಗೂ ತಿಳಿಯುವ ಈ ಲೆಕ್ಕ ಬರಹಗಾರನಿಗೆ ತಿಳಿಯುವುದು ಸಾಲ ತಲೆಮಟ್ಟ ಬಂದ ಮೇಲೆ.

ಎಲ್ಲ ಕಡೆ ಇದೇ ಸ್ಥಿತಿಯಲ್ಲ. ಗ್ರಾಮೀಣ ಭಾರತದ ವರದಿಗಳಿಗೆಂದೇ ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಶುರುಮಾಡಿದ ‘ಪರಿ’ ಜಾಲತಾಣ ವರ್ಷಗಟ್ಟಲೆ ಹೊಸ ವರದಿಗಳನ್ನು ಪ್ರಕಟಿಸುತ್ತಿತ್ತು, ಅವು ಕನ್ನಡಕ್ಕೂ ಅನುವಾದವಾಗುತ್ತಿದ್ದವು. ಹೊರರಾಜ್ಯದ, ಹೊರದೇಶದ ಪೇಪರಿನವರು ಉತ್ತರ ಕರ್ನಾಟಕಕ್ಕೆ ಬಂದಾಗ ಅವರಿಗೆ ಭಾಷೆ ಬರುವುದಿಲ್ಲ, ದಾರಿ ಗೊತ್ತಿರುವುದಿಲ್ಲ. ಜತೆಗೆ ತಿರುಗಿ ಜನರನ್ನು ಮಾತಾಡಿಸಿಕೊಡಲು ಊರಿನವನೊಬ್ಬ ಬೇಕು. ಈ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಹಣ ಕೇಳುವುದು ಧರ್ಮ. ವರದಿಯಲ್ಲಿ ಹೆಸರು ಹಾಕಬೇಕೆಂದು ಕೇಳುವುದೂ ಧರ್ಮ. ಸಾಮಾನ್ಯವಾಗಿ ಇಲ್ಲಿಯವರು ಎರಡನ್ನೂ ಕೇಳದೆ, ಅತಿಥಿಗೆ ಗಿರ್ಮಿಟ್ಟು-ಮಿರ್ಚಿ ತಿನ್ನಿಸಿ, ಧಾರವಾಡ ಪೇಢೆ ಕಟ್ಟಿಕೊಟ್ಟು ಕಳಿಸುತ್ತಾರೆ!

ಪೇಪರಿನಾಚೆಯ ಕೆಲಸ

ಬರಿಯ ಪೇಪರನ್ನೇ ನಂಬಿದರೆ ಬದುಕು ಸಾಗದು ಎಂಬುದು ಈ ದಾರಿಯಲ್ಲಿ ನಡೆದವರ ಒಮ್ಮತ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಭಾಷಣ, ರೂಪಕಗಳಿಗೆ ಹಣ ಕೊಡುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಬರುತ್ತದೆ. ಕೃಷಿ ಬಲ್ಲವರಿಗೆ ಕೃಷಿ ಪತ್ರಿಕೆಗಳಿವೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಪೆನ್ನು ಕೊಟ್ಟು ತೋರಿಸಿತು. ರೈತನ ಭಾಷೆಯಲ್ಲಿ ರೈತನಿಗೆ ಬರೆಯುವವರಿಗೆ ಓದುಗರ ಬರ ಇಲ್ಲ. ಅನುವಾದದ ಕೆಲಸವೂ ಉಂಟು. ಮಷೀನು ಬಂದ ಮೇಲೆ ಅನುವಾದದ ದರ ಇಳಿದಿದೆ ನಿಜ, ಆದರೆ ಮಷೀನು ಮಾಡಿದ ಎಡವಟ್ಟು ತಿದ್ದಲು ಕನ್ನಡ ಬಲ್ಲ ಮನುಷ್ಯನೇ ಬೇಕು. ತಿದ್ದುವ ಕೆಲಸ ಬರೆಯುವ ಕೆಲಸದಷ್ಟೇ ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಿ ದರ ಕುದುರಿಸದಿದ್ದರೆ ಕೈ ಸುಡುತ್ತದೆ.

ಉತ್ತರ ಕರ್ನಾಟಕದಲ್ಲಿ ಎಲ್ಲಕ್ಕಿಂತ ಹುಲುಸಾದ ಹೊಲ ಶತಮಾನೋತ್ಸವದ್ದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗದ ಹತ್ತಿರ ಕಣಗಿನಹಾಳದಲ್ಲಿ. ಅದರ ಹಿಂದೆಯೇ ಊರೂರಿಗೆ ಸಂಘ, ಬ್ಯಾಂಕು, ಸೊಸೈಟಿಗಳು ಎದ್ದವು. ಶಾಲೆಗಳು, ವಾಚನಾಲಯಗಳೂ ಎದ್ದವು. ಇವೆಲ್ಲ ಒಂದೊಂದಾಗಿ ನೂರು ದಾಟುತ್ತಿವೆ, ಪ್ರತಿಯೊಂದಕ್ಕೂ ಸ್ಮರಣ ಸಂಚಿಕೆ ಬೇಕು. ಈಗ ಬರುವ ಹೆಚ್ಚಿನ ಸಂಚಿಕೆಗಳಲ್ಲಿ ಇರುವುದು ಮಂತ್ರಿಗಳ ಶುಭ ಸಂದೇಶ, ನಿರ್ದೇಶಕರ ಕೋಟು ಹಾಕಿದ ಫೋಟೋ, ಅಕ್ಕಪಕ್ಕ ಜಾಹೀರಾತು. ಬಂದ ಮರುದಿನ ಅದು ಕಪಾಟು ಸೇರುತ್ತದೆ. ಹಳೆಯ ನಡಾವಳಿ ಪುಸ್ತಕ ತೆಗೆದು, ಬರಗಾಲದ ವರ್ಷ ಸಂಘ ಯಾರಿಗೆ ಸಾಲ ಕೊಟ್ಟಿತು, ಯಾರಿಗೆ ಕೊಡಲಿಲ್ಲ, ಯಾವ ಜಗಳದಲ್ಲಿ ಎರಡು ಹೋಳಾಯಿತು ಎಂದು ಊರಿನ ಇತಿಹಾಸವನ್ನೇ ಬರೆದುಕೊಡಬಲ್ಲವನು ಅನುಭವಿ ವರದಿಗಾರ. ಆಡಳಿತ ಮಂಡಳಿಗೆ ಇದು ಗೊತ್ತಿಲ್ಲ; ಹೋಗಿ ತಿಳಿಸಿಹೇಳಬೇಕು. ಮೂರನೆಯ ಒಂದು ಭಾಗ ಮುಂಗಡ, ಕರಡು ಕೊಟ್ಟಾಗ ಒಂದು ಭಾಗ, ಮುದ್ರಣಕ್ಕೆ ಹೋಗುವ ಮೊದಲು ಉಳಿದದ್ದು. ಬಿಡುಗಡೆ ಸಮಾರಂಭ ಮುಗಿದ ಮೇಲೆ ಕೊಡುತ್ತೇವೆ ಅಂದರೆ ಒಪ್ಪಬಾರದು. ಸಮಾರಂಭದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತದೆ. ಅದನ್ನೇ ಸಂಭಾವನೆ ಎಂದು ತಿಳಿಯುವ ಅಧ್ಯಕ್ಷರೂ ಇದ್ದಾರೆ.

ಒಂದು ಎಚ್ಚರಿಕೆ. ಸಂಘದ ಹಣ ತೆಗೆದುಕೊಂಡು ಅದರ ಇತಿಹಾಸ ಬರೆದವನು ಅದೇ ಸಂಘದ ಅವ್ಯವಹಾರದ ಸುದ್ದಿ ಪೇಪರಿಗೆ ಬರೆಯುವ ಹಾಗಿಲ್ಲ, ಅದನ್ನು ಹೊಗಳಿ ಬರೆಯುವ ಹಾಗೂ ಇಲ್ಲ. ಆ ಸಂಘದ ಸುದ್ದಿಯನ್ನೇ ಬಿಟ್ಟುಕೊಡಬೇಕು, ಸಂಪಾದಕರಿಗೆ ಮೊದಲೇ ತಿಳಿಸಬೇಕು. ಜಾಹೀರಾತಿನ ಕೈ, ಸುದ್ದಿಯ ಕೈ ಬೇರೆಯಿರಬೇಕೆಂಬ ನಿಯಮ ಇಲ್ಲಿಗೂ ಅನ್ವಯ.

ಯೂಟ್ಯೂಬ್ ಚಾನಲ್ ಮಾಡಿಕೊಂಡವರೂ ಇದ್ದಾರೆ. ಒಬ್ಬಿಬ್ಬರಿಗೆ ಹತ್ತಿದೆ. ಉಳಿದವರು ಮೈಕು, ಲೈಟು, ಎಡಿಟಿಂಗ್ ಹುಡುಗನ ಸಂಬಳ ಎಂದು ಪ್ರಾವಿಡೆಂಟ್ ಫಂಡಿನ ದುಡ್ಡು ಸುರಿದು ಕೂತಿದ್ದಾರೆ. ಐವತ್ತೈದರ ವಯಸ್ಸಿನಲ್ಲಿ ಇದಕ್ಕಿಳಿಯುವವರು ಮನೆಯವರನ್ನೊಂದು ಮಾತು ಕೇಳುವುದು ಒಳ್ಳೆಯದು.

ಕಾಯ್ದೆ ಯಾರ ಕಡೆ?

ನೌಕರಿಯಲ್ಲಿದ್ದ ಪತ್ರಕರ್ತನಿಗೆ 1955ರ ಕಾಯ್ದೆ ಇತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರ ನವೆಂಬರಿನಲ್ಲಿ ಆದೇಶವಾಗಿ ಬಂತು, ಸುಪ್ರೀಂ ಕೋರ್ಟು 2014ರ ಫೆಬ್ರವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಟೀವಿ, ಡಿಜಿಟಲ್ ಮಾಧ್ಯಮದವರೂ ಈಗ ‘ಪತ್ರಕರ್ತ’ ಎಂಬ ವ್ಯಾಖ್ಯೆಯೊಳಗಿದ್ದಾರೆ. ಆದರೆ ಆ ವ್ಯಾಖ್ಯೆಯ ನಡುವೆ ‘ನೇಮಕಗೊಂಡ’ ಎಂಬ ಮಾತೊಂದಿದೆ. ಪೂರ್ಣಕಾಲಿಕವೋ ಅರೆಕಾಲಿಕವೋ, ನೇಮಕ ಆಗಿರಬೇಕು. ಯಾರೂ ನೇಮಿಸದ ಬಿಡಿಬರಹಗಾರ ಬಾಗಿಲ ಹೊರಗೇ.

ದೆಹಲಿಯ ಪತ್ರಿಕಾ ಮಾನ್ಯತೆಯ 2022ರ ನಿಯಮ ಇದನ್ನು ಅಂಕಿಯಲ್ಲೇ ಹೇಳಿತು. ನೌಕರಿಯಲ್ಲಿದ್ದವನಿಗೆ 5 ವರ್ಷದ ಅನುಭವ ಸಾಕು, ಫ್ರೀಲಾನ್ಸ್ ಆದರೆ 15 ವರ್ಷ ಬೇಕು. ಅಂದರೆ ಬಿಡಿಯಾಗಿ ಮೂರು ವರ್ಷ ದುಡಿದರೆ ನೌಕರಿಯ ಒಂದು ವರ್ಷಕ್ಕೆ ಸಮ!

ಕಾಯ್ದೆ ಬಿಡಿಬರಹಗಾರನ ಪರವಾಗಿ ನಿಲ್ಲುವ ಒಂದು ಜಾಗವಿದೆ, ಅದು ಅನೇಕರಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ನೌಕರಿಯಲ್ಲಿದ್ದು ಬರೆದದ್ದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ನೌಕರನಲ್ಲದವನು ಬರೆದದ್ದು ಬರೆದವನದೇ. ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿ, ಸಹಿ ಹಾಕಿ ಬಿಟ್ಟುಕೊಡಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಮಾತ್ರ ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಹಳೆಯ ಲೇಖನಗಳನ್ನು ಸೇರಿಸಿ ಪುಸ್ತಕ ಮಾಡುವ ಹಕ್ಕು ಕೈಯಲ್ಲಿ ಉಳಿಯಬೇಕಾದರೆ, ‘ಎಲ್ಲ ಹಕ್ಕೂ ಶಾಶ್ವತವಾಗಿ ಸಂಸ್ಥೆಯದು’ ಎಂಬ ಸಾಲಿರುವ ಕಾಗದಕ್ಕೆ ಕಣ್ಣು ಮುಚ್ಚಿ ರುಜು ಹಾಕಬಾರದು.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಮಾನನಷ್ಟದ್ದು. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿ ಅದು ಇನ್ನೂ ಕ್ರಿಮಿನಲ್ ಅಪರಾಧ. ಬರೆದವನ ಹೆಸರಿಗೇ ಸಮನ್ಸು ಬರುತ್ತದೆ. ನೌಕರನಾದರೆ ಸಂಸ್ಥೆಯ ವಕೀಲರು ನಿಲ್ಲುತ್ತಾರೆ. ಬಿಡಿಬರಹಗಾರನಿಗೆ? ದೂರದ ಊರಿನ ಕೋರ್ಟಿಗೆ ತಾರೀಕು ತಾರೀಕಿಗೆ ಬಸ್ ಹತ್ತಿ ಹೋಗುವ ಖರ್ಚು ಯಾರದು? ದಂಧೆಕೋರರ ಮೇಲೆ, ಮರಳಿನವರ ಮೇಲೆ ಬರೆಯುವ ಮೊದಲು ಸಂಪಾದಕರಿಂದ ಇದಕ್ಕೆ ಒಂದು ಸಾಲಿನ ಉತ್ತರ ಈಮೇಲಿನಲ್ಲಿ ತರಿಸಿಕೊಂಡಿರಬೇಕು. ಉತ್ತರ ಕೊಡದ ಪತ್ರಿಕೆಗೆ ಹಬ್ಬದ ಲೇಖನ ಬರೆಯಬಹುದು, ಮರಳಿನದು ಬೇಡ.

ಬಾಕಿ ವಸೂಲಿ

ಕೊನೆಗೆ ಬಿಲ್ಲು. ಲೇಖನ ಕಳಿಸಿದ ದಿನವೇ ಬಿಲ್ಲನ್ನೂ ಕಳಿಸಬೇಕು: ತಾರೀಕು, ಲೇಖನದ ಹೆಸರು, ಒಪ್ಪಿದ ಮೊತ್ತ, ಪ್ಯಾನ್ ನಂಬರು, ಬ್ಯಾಂಕ್ ಖಾತೆ. ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ನೂರಕ್ಕೆ ಹತ್ತು ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಹಾಕುತ್ತವೆ. ವರಮಾನ ತೆರಿಗೆಯ ಮಿತಿಯೊಳಗಿದ್ದವನು ವರ್ಷದ ಲೆಕ್ಕ ಸಲ್ಲಿಸಿದರೆ ಅದು ವಾಪಸು ಬರುತ್ತದೆ. ‘ಸಣ್ಣ ಆದಾಯ, ಯಾಕೆ ಸಲ್ಲಿಸಬೇಕು’ ಎಂದು ಬಿಟ್ಟವರ ದುಡ್ಡು ಅಲ್ಲೇ ಉಳಿಯುತ್ತದೆ.

ಮೂವತ್ತು ದಿನ ಕಳೆದರೂ ಹಣ ಬಾರದಿದ್ದರೆ ಫೋನು ಹೋಗಬೇಕಾದ್ದು ಸಂಪಾದಕರಿಗಲ್ಲ. ಅವರಿಗೆ ತಿಜೋರಿಯ ಕೀಲಿ ಎಲ್ಲಿದೆಯೆಂದೂ ಗೊತ್ತಿರುವುದಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಬಿಲ್ಲು ನೋಡುವ ಗುಮಾಸ್ತರ ಹೆಸರು ತಿಳಿದುಕೊಂಡು, ತಿಂಗಳ ಮೊದಲ ವಾರ ಬಿಟ್ಟು ಎರಡನೆಯ ವಾರ, ಮಧ್ಯಾಹ್ನ ಊಟವಾದ ಮೇಲೆ ಫೋನು ಮಾಡಬೇಕು.

‘ನಮಸ್ಕಾರ್ರೀ ಅಣ್ಣಾರ, ಜೂನ್ ತಿಂಗಳ ಬಿಲ್ಲು ಒಂದು ಬಾಕಿ ಇತ್ರೀ...’

‘ಯಾವ ಬಿಲ್ಲು? ಇಲ್ಲಿ ಬಂದಿಲ್ಲಲ್ರೀ.’

‘ಬಂದದ ನೋಡ್ರಿ. ಹನ್ನೆರಡನೇ ತಾರೀಕು, ಮಧ್ಯಾಹ್ನ ಮೂರೂ ಹತ್ತಕ್ಕ ಈಮೇಲ್ ಹಾಕೀನಿ. ನಿಮ್ಮವರು ಮುಟ್ಟೇತಿ ಅಂತ ಉತ್ತರಾನೂ ಕೊಟ್ಟಾರ.’

‘ಹೌದೇನ್ರಿ... ತಡೀರಿ, ನೋಡ್ತೀನಿ.’